ಕೊಂಡ ವಸ್ತುವಿಗೆ ಬಾಡಿಗೆ

೨೦೨೨ನೆಯ ಇಸವಿಯ ಜುಲೈ ತಿಂಗಳಿನಲ್ಲಿ ಜರ್ಮನಿಯ ಪ್ರಖ್ಯಾತ ಮೋಟಾರು ತಯಾರಕರಾದ ಬಿ. ಎಂ. ಡಬ್ಲ್ಯು. ಕಂಪೆನಿಯವರು ದಕ್ಷಿಣ ಕೊರಿಯದಲ್ಲಿ ತಮ್ಮ ಗಿರಾಕಿಗಳ ಮುಂದಿಟ್ಟ ಒಂದು ದರಪಟ್ಟಿಯು ಹಲವು ದೇಶಗಳ ಪತ್ರಿಕೆಗಳಲ್ಲಿ ದೊಡ್ಡ ಗದ್ದಲವನ್ನೆಬ್ಬಿಸಿತು. ಚಳಿಗಾಲದಲ್ಲಿ ಆಸನವನ್ನು ಬೆಚ್ಚಗೆ ಮಾಡುವ ತಂತಿಗಳು ಗಾಡಿಯಲ್ಲಿ ಕಾರ್ಖಾನೆಯಿಂದಲೇ ಅಳವಟ್ಟು ಬಂದಿದ್ದುವು. ಆದರೆ ತಿಂಗಳಿಗೆ ೨೪,೦೦೦ ವಾನ್, ಎಂದರೆ ಅಮೆರಿಕದ ಸುಮಾರು ೧೮ ಡಾಲರು, ಚಂದಾ ಸಲ್ಲಿಸಿದ ಹೊರತು ಆ ತಂತಿಗಳು ಬಿಸಿಯಾಗಲೊಲ್ಲವು. ಬ್ರಿಟನ್ನಿನಲ್ಲಿ ಇದೇ ಸೌಕರ್ಯಕ್ಕೆ ತಿಂಗಳಿಗೆ ೧೫ ಪೌಂಡು ಎಂದು ಗೊತ್ತುಮಾಡಿದ್ದರು. ಚಂದಾ ನಿಂತರೆ ಬಿಸಿಯೂ ನಿಂತಿತು. ತಂತಿಗಳು ಮಾತ್ರ ಗಾಡಿಯಲ್ಲಿಯೇ ಉಳಿದು, ಯಜಮಾನನ ಖರ್ಚಿನಲ್ಲಿ ಊರೂರು ತಿರುಗುತ್ತಿರುವುವು.

ಆಗ ಅನೇಕರು ಇದನ್ನು ಪರಿಹಾಸದ ವಿಷಯವೆಂದೇ ಭಾವಿಸಿದರು. ರಾಶಿ ಹಣ ಸುರಿದು ಗಾಡಿ ಕೊಂಡ ಶ್ರೀಮಂತನ ಬೆನ್ನು ಬೆಚ್ಚಗಾಗದಿದ್ದರೆ ಲೋಕಕ್ಕೇನು ನಷ್ಟವೆಂದು ಕೇಳಿದವರೂ ಉಂಟು. ವೈಶಾಖದ ರಾಯಚೂರನ್ನು ಬಲ್ಲ ನಮ್ಮ ವಾಚಕರಿಗಂತೂ, ಕುಳಿತ ಆಸನವನ್ನು ಕಾಯಿಸಿಕೊಳ್ಳುವುದಕ್ಕೆ ಹಣ ತೆರುವುದೆಂಬುದೇ ವಿನೋದವಾಗಿ ತೋರಬಹುದು. ಆದರೆ ಆಸನದ ಬಿಸಿಯನ್ನು ಬದಿಗಿಟ್ಟು ನೋಡಿದರೆ ಉಳಿಯುವ ಪ್ರಶ್ನೆಯು ಬಡವ ಬಲ್ಲಿದರೆಲ್ಲರಿಗೂ ಸಂಬಂಧಿಸಿದುದಾಗಿದೆ. ಬೆಲೆ ತೆತ್ತು ಮನೆಗೆ ತಂದ ವಸ್ತುವಿನ ಒಂದು ಅಂಗದ ಮೇಲೆ ಅದನ್ನು ಮಾರಿದವನ ಹಿಡಿತವು ಎಲ್ಲಿಯವರೆಗೆ ಉಳಿಯಬಹುದು? ಉಳಿಯಬಹುದಾದರೆ ಆ ವ್ಯವಹಾರವನ್ನು ಮಾರಾಟವೆಂದು ಕರೆಯುವುದು ಸರಿಯೆ?

ಜನರ ಅಸಮಾಧಾನಕ್ಕೆ ಬಿ. ಎಂ. ಡಬ್ಲ್ಯು. ಕಂಪೆನಿಯವರು ಮಣಿದರೆಂಬುದೇನೋ ನಿಜ. ೨೦೨೩ನೆಯ ಸೆಪ್ಟೆಂಬರಿನಲ್ಲಿ ಅವರ ಆಡಳಿತ ಮಂಡಳಿಯ ಸದಸ್ಯರಾಗಿದ್ದ ಪೀಟರ್ ನೋಟಾ ಎಂಬವರು ಬಿಸಿ ಆಸನದ ಚಂದಾ ಪದ್ಧತಿಯನ್ನು ಕೈಬಿಟ್ಟಿರುವುದಾಗಿ ತಿಳಿಸಿದರು. ಒಂದೇ ವಸ್ತುವಿಗೆ ಎರಡು ಬಾರಿ ಹಣ ಕೊಡುತ್ತಿದ್ದೇವೆಂದು ಜನರು ಬಗೆದರು, ಅದು ನಿಜವಲ್ಲದಿದ್ದರೂ ಆ ಭಾವನೆಯನ್ನು ಮನ್ನಿಸಬೇಕಾಯಿತು ಎಂಬುದು ಅವರ ಮಾತಿನ ಸಾರ. ತಪ್ಪು ಪದ್ಧತಿಯದಲ್ಲ, ಗಿರಾಕಿಗಳ ತಿಳಿವಳಿಕೆಯದು ಎಂದಂತಾಯಿತು! ಸಾಫ್ಟ್‌ವೇರಿನಿಂದ ನಡೆಯುವ ಇತರ ಸೌಕರ್ಯಗಳನ್ನು ಚಂದಾ ಮೇಲೆ ಕೊಡುವುದನ್ನು ಮುಂದುವರಿಸುವೆವೆಂದೂ ಅವರು ಅಂದೇ ಹೇಳಿದ್ದರು.

ಒಬ್ಬರು ಹಿಂದೆ ಸರಿದರೂ ಉಳಿದವರು ಮುಂದೆ ನಡೆದೇ ಇದ್ದಾರೆ. ೨೦೨೨ರ ನವೆಂಬರಿನಲ್ಲಿ ಮರ್ಸಿಡಿಸ್ ಬೆನ್ಜ್ ಕಂಪೆನಿಯವರು ಅಮೆರಿಕದಲ್ಲಿ ತಮ್ಮ ವಿದ್ಯುತ್ ಗಾಡಿಗಳ ಕೆಲವು ಮಾದರಿಗಳನ್ನು ಕೊಂಡವರಿಗೆ, ವರ್ಷಕ್ಕೆ ೧,೨೦೦ ಡಾಲರು ಕೊಟ್ಟರೆ ನಿಮ್ಮ ಗಾಡಿಯು ಗಂಟೆಗೆ ೬೦ ಮೈಲಿಯ ವೇಗವನ್ನು ಈಗಿಗಿಂತ ಸುಮಾರು ಒಂದು ಸೆಕೆಂಡು ಬೇಗನೆ ಮುಟ್ಟುವುದೆಂದು ಆಸೆ ತೋರಿಸಿದರು. ಮೋಟಾರು ಅದೇ, ಬ್ಯಾಟರಿ ಅದೇ. ಹೊಸದಾಗಿ ಒಂದು ಮೊಳೆಯನ್ನೂ ಹೊಡೆಯಬೇಕಾದುದಿಲ್ಲ. ೨೦೨೫ರ ಆಗಸ್ಟಿನಲ್ಲಿ ಫೋಕ್ಸ್‌ವ್ಯಾಗನ್ ಕಂಪೆನಿಯ ಐಡಿ.೩ ಎಂಬ ಗಾಡಿಯ ಸರದಿ ಬಂದಿತು. ೨೨೮ ಅಶ್ವಶಕ್ತಿಗೆ ಸಮರ್ಥವಾದ ಗಾಡಿಯನ್ನು ಬ್ರಿಟನ್ನಿನಲ್ಲಿ ೨೦೧ಕ್ಕೆ ಕಟ್ಟಿಹಾಕಿ ಕೊಟ್ಟು, ಉಳಿದ ಶಕ್ತಿಗೆ ತಿಂಗಳಿಗೆ ೧೬ ಪೌಂಡು ೫೦ ಪೆನ್ಸಿನಂತೆ, ಅಥವಾ ಒಂದೇ ಕಂತಿನಲ್ಲಿ ೬೪೯ ಪೌಂಡಿನಂತೆ, ಬೆಲೆ ಕಟ್ಟಿದರು. ಇವೆಲ್ಲಕ್ಕಿಂತ ಮೊದಲೇ, ೨೦೨೧ರ ಡಿಸೆಂಬರಿನಲ್ಲಿ, ಟೊಯೋಟಾ ಗಾಡಿಯನ್ನಿಟ್ಟುಕೊಂಡ ಅಮೆರಿಕದವರು ಇನ್ನೊಂದು ಸಂಗತಿಯನ್ನು ಕೇಳಿ ಬೆರಗಾದರು. ಕೈಯಲ್ಲಿರುವ ಕೀಲಿಯ ಗುಂಡಿಯನ್ನೊತ್ತಿ ದೂರದಿಂದಲೇ ಎಂಜಿನನ್ನು ಚಾಲೂ ಮಾಡುವ ಅನುಕೂಲವು ಕೆಲವು ಮಾದರಿಗಳಲ್ಲಿ ಚಂದಾ ಅವಧಿ ತೀರಿದೊಡನೆ ನಿಂತುಹೋಗುವುದೆಂದು ಗೊತ್ತಾಯಿತು. ಆ ಕೀಲಿಯ ಸಂಕೇತವು ಕೀಲಿಯಿಂದ ನೇರವಾಗಿ ಗಾಡಿಗೆ ಹೋಗತಕ್ಕುದು. ನಡುವೆ ಕಂಪೆನಿಯ ತಂತಿಯಾಗಲಿ, ಕಚೇರಿಯಾಗಲಿ, ನೌಕರನಾಗಲಿ ಇಲ್ಲ. ತಿಂಗಳಿಗೆ ೮ ಡಾಲರು ಯಾವ ಸೇವೆಗೆಂದು ಜನರು ಕೇಳಿದುದರಲ್ಲಿ ಆಶ್ಚರ್ಯವೇನು?

ಹೀಗೆ ಬೀಗ ಹಾಕುವ ಕ್ರಮವು ಹೇಗೆ ಬಳಕೆಗೆ ಬಂದಿತೆಂಬುದನ್ನು ತಿಳಿಯುವುದು ಅಗತ್ಯ. ಹಿಂದೆ ಗಾಡಿಯನ್ನು ಕೊಳ್ಳುವವನು ಬೇಕಾದ ಸೌಕರ್ಯಗಳನ್ನು ಆರಿಸಿಕೊಳ್ಳುತ್ತಿದ್ದನು. ಕಾರ್ಖಾನೆಯವರು ಅವನ ಅಪೇಕ್ಷೆಯಂತೆ ಜೋಡಿಸಿ ಕೊಡುತ್ತಿದ್ದರು. ಒಂದೊಂದು ಗಾಡಿಗೂ ಬೇರೆ ಬೇರೆ ತಂತಿಯ ಕಟ್ಟು, ಬೇರೆ ಬೇರೆ ಆಸನ, ಬೇರೆ ಬೇರೆ ಲೆಕ್ಕ. ಎಲ್ಲ ಗಾಡಿಗಳನ್ನೂ ಒಂದೇ ಎರಕದಲ್ಲಿ ಹೊಯ್ದು, ಎಲ್ಲವನ್ನೂ ಎಲ್ಲದರಲ್ಲಿಯೂ ಜೋಡಿಸಿ, ಹಣ ಕೊಡದವನ ಪಾಲಿಗೆ ಕೆಲವನ್ನು ಮಲಗಿಸಿಟ್ಟರೆ ತಯಾರಿಕೆಯ ತೊಡಕು ಕಡಮೆಯಾಗುವುದೆಂದು ಅವರು ಕಂಡುಕೊಂಡರು. ಗಾಡಿಯೊಳಗಿನ ಗಣಕಗಳು ಈಗ ಮೊಬೈಲು ದೂರವಾಣಿಯಂತೆ ಗಾಳಿಯ ಮೂಲಕವೇ ಕಂಪೆನಿಯೊಡನೆ ಮಾತನಾಡುವುದರಿಂದ, ಮಲಗಿದುದನ್ನು ಎಬ್ಬಿಸುವುದಕ್ಕೂ ಎದ್ದುದನ್ನು ಮಲಗಿಸುವುದಕ್ಕೂ ಯಾರೂ ಮನೆಬಾಗಿಲಿಗೆ ಬರಬೇಕಾಗಿಲ್ಲ. ಷೇರುದಾರರ ಲೋಭವೂ ಇದಕ್ಕೆ ಜೊತೆಯಾಯಿತು. ಗಾಡಿಯನ್ನು ಒಮ್ಮೆ ಮಾರಿದರೆ ಒಮ್ಮೆ ಲಾಭ. ಚಂದಾ ಆದರೆ ಗಾಡಿ ಓಡುವಷ್ಟು ದಿನವೂ ಲಾಭ. ಅಮೆರಿಕದ ಜನರಲ್ ಮೋಟಾರ್ಸ್ ಕಂಪೆನಿಯವರು ೨೦೨೧ರಲ್ಲಿಯೇ, ೨೦೩೦ರ ಹೊತ್ತಿಗೆ ಸಾಫ್ಟ್‌ವೇರು ಮತ್ತು ಸೇವೆಗಳಿಂದ ವರ್ಷಕ್ಕೆ ೨೦ರಿಂದ ೨೫ ಶತಕೋಟಿ ಡಾಲರು ಸಂಪಾದಿಸುವ ಗುರಿಯನ್ನು ಬಂಡವಾಳಗಾರರ ಮುಂದಿಟ್ಟಿದ್ದರು.

ಈ ಬೀಗದ ನಿಜಸ್ವರೂಪವು ಬಯಲಾದುದು ಒಂದು ಬಿರುಗಾಳಿಯ ದೆಸೆಯಿಂದ. ಅಮೆರಿಕದ ಟೆಸ್ಲಾ ಕಂಪೆನಿಯವರು ೨೦೧೬ರಲ್ಲಿ ಮಾಡೆಲ್ ಎಸ್ ಎಂಬ ವಿದ್ಯುತ್ ಗಾಡಿಯ ಅಗ್ಗದ ಮಾದರಿಯನ್ನು ೬೦ ಎಂಬ ಅಂಕಿಯ ಹೆಸರಿನಲ್ಲಿ ಮಾರುತ್ತಿದ್ದರು. ಒಳಗಿದ್ದ ಬ್ಯಾಟರಿಯು ೭೫ ಕಿಲೋವ್ಯಾಟ್ ಗಂಟೆಯದು. ಸಾಫ್ಟ್‌ವೇರಿನ ಕಟ್ಟುಪಾಡಿನಿಂದ ಅದರಲ್ಲಿ ೬೦ರಷ್ಟು ಮಾತ್ರ ಬಳಕೆಗೆ ದೊರೆಯುತ್ತಿತ್ತು. ಉಳಿದುದನ್ನು ಬಯಸುವವರು ಮೇಲೆ ಹಣ ಕಟ್ಟಿ ಬಿಡಿಸಿಕೊಳ್ಳಬಹುದಾಗಿತ್ತು. ೨೦೧೭ನೆಯ ಸೆಪ್ಟೆಂಬರಿನಲ್ಲಿ ಇರ್ಮಾ ಎಂಬ ಚಂಡಮಾರುತವು ಫ್ಲಾರಿಡಾ ಪ್ರಾಂತದ ಮೇಲೆ ಎರಗಿ ಬಂದಾಗ ಲಕ್ಷಾಂತರ ಜನರು ಮನೆಮಠಗಳನ್ನು ಬಿಟ್ಟು ಉತ್ತರಕ್ಕೆ ಓಡಬೇಕಾಯಿತು. ಆಗ ಗಾಡಿಯ ಯಜಮಾನನೊಬ್ಬನು, ಸಂಕಟದ ಪ್ರದೇಶವನ್ನು ದಾಟುವುದಕ್ಕೆ ಇನ್ನಷ್ಟು ದೂರದ ಓಟ ಬೇಕಾಗಿದೆಯೆಂದು ಕಂಪೆನಿಯವರನ್ನು ಕೇಳಿಕೊಂಡನು. ಕಂಪೆನಿಯವರು ಅವನಿಗೆ ಮಾತ್ರವಲ್ಲದೆ ಆ ಪ್ರದೇಶದಲ್ಲಿದ್ದ ಅಂಥ ಗಾಡಿಗಳವರೆಲ್ಲರಿಗೂ ಕೆಲವು ದಿನಗಳ ಮಟ್ಟಿಗೆ ಕಟ್ಟನ್ನು ಸಡಿಲಿಸಿದರು. ಕುಳಿತಲ್ಲಿಂದಲೇ ನೂರಾರು ಮೈಲಿಗಳಾಚೆಯ ಗಾಡಿಗಳಿಗೆ ಸುಮಾರು ೩೦ ಮೈಲಿಗಳ ಓಟವು ಕೂಡಿಬಂದಿತು. ಗಾಳಿ ಅಡಗಿ ವಾರ ಕಳೆಯುವುದರೊಳಗೆ ಕಟ್ಟು ಮತ್ತೆ ಬಿಗಿಯಾಯಿತು.

ಆಪತ್ತಿನಲ್ಲಿ ಕೈಹಿಡಿದ ಕಂಪೆನಿಯವರ ಔದಾರ್ಯವನ್ನು ನಾವು ಅಲ್ಲಗಳೆಯುವವರಲ್ಲ. ಆ ಗಾಡಿಗಳನ್ನು ಕೊಂಡವರು ಕಡಮೆ ಬೆಲೆಗೆ ಕೊಂಡಿದ್ದರು, ಕಟ್ಟುಪಾಡನ್ನು ತಿಳಿದೇ ಕೊಂಡಿದ್ದರು ಎಂಬುದನ್ನೂ ಮರೆಯಲಾಗದು. ಆದರೂ ಹೆಂಡತಿ ಮಕ್ಕಳನ್ನು ಕುಳ್ಳಿರಿಸಿಕೊಂಡು ಪ್ರಾಣಭಯದಿಂದ ಓಡುತ್ತಿರುವ ಗೃಹಸ್ಥನೊಬ್ಬನು, ತನ್ನದೇ ಗಾಡಿಯ ತಳದಲ್ಲಿ, ತಾನೇ ಹೊತ್ತು ತರುತ್ತಿರುವ ಬ್ಯಾಟರಿಯ ಶಕ್ತಿಗಾಗಿ ದೂರದ ಕ್ಯಾಲಿಫೋರ್ನಿಯದವರನ್ನು ಬೇಡಬೇಕಾದ ಸ್ಥಿತಿಯನ್ನು ಕ್ಷಣಕಾಲ ಚಿತ್ತಕ್ಕೆ ತಂದುಕೊಳ್ಳಬೇಕೆಂದು ವಾಚಕರನ್ನು ಪ್ರಾರ್ಥಿಸುತ್ತೇವೆ. ಅಂದು ಕೇಳಿದುದಕ್ಕೆ ದೊರೆಯಿತು. ಕೇಳಿದವನ ಮಾತು ಕಂಪೆನಿಯವರ ಕಿವಿಗೆ ಬೀಳದೆ ಹೋಗಿದ್ದರೆ? ಕೊಡುವ ಶಕ್ತಿಯುಳ್ಳವನಿಗೆ ಕೊಡದಿರುವ ಶಕ್ತಿಯೂ ಇರುವುದಷ್ಟೆ.

ಕಂಪೆನಿಗಳ ಪರವಾಗಿ ಹೇಳುವ ಮಾತುಗಳಲ್ಲಿ ಸತ್ಯಾಂಶವು ಇಲ್ಲವೆನ್ನಲಾರೆವು. ವರ್ಷದಲ್ಲಿ ಎರಡೇ ತಿಂಗಳು ಚಳಿಯಿರುವ ಊರಿನವನು ಎರಡು ತಿಂಗಳಿಗೆ ಮಾತ್ರ ಹಣ ಕೊಟ್ಟರಾಯಿತಲ್ಲವೆ, ಬೇಡವಾದವನ ತಲೆಯ ಮೇಲೆ ಪೂರ್ತಿ ಬೆಲೆಯ ಭಾರವನ್ನೇಕೆ ಹೊರಿಸಬೇಕು, ಎಂದು ಅವರು ಕೇಳುತ್ತಾರೆ. ಕೇಳುವುದಕ್ಕೆ ಇದು ಇಂಪಾಗಿದೆ. ಆದರೆ ಚಂದಾ ಕಟ್ಟದವನಿಗೆ ಗಾಡಿಯ ಬೆಲೆಯಲ್ಲಿ ಆ ತಂತಿಗಳ ಖರ್ಚನ್ನು ಮುರಿದುಕೊಟ್ಟರೆಂಬುದಕ್ಕೆ ಲೆಕ್ಕವನ್ನು ಯಾರೂ ತೋರಿಸಿಲ್ಲ. ಯಾವ ವ್ಯಾಪಾರಿಯೂ ತಾನು ಜೋಡಿಸಿದ ಸಾಮಾನನ್ನು ಪುಕ್ಕಟೆಯಾಗಿ ಜೋಡಿಸಲಾರನು. ಅದರ ಖರ್ಚು ಬೆಲೆಯಲ್ಲಿ ಎಲ್ಲಿಯೋ ಸೇರಿಯೇ ಇರುವುದು. ಅದರ ತೂಕವನ್ನು ಎಳೆಯುವ ವಿದ್ಯುತ್ತೋ ಪೆಟ್ರೋಲೋ ಕೊಂಡವನದು. ಕೆಟ್ಟರೆ ವಾಯಿದೆಯ ಅನಂತರ ರಿಪೇರಿಯೂ ಅವನದು.

ಬಾಡಿಗೆಯ ವ್ಯವಹಾರವು ನಿಂದ್ಯವೆಂದು ನಮ್ಮ ಅಭಿಪ್ರಾಯವಲ್ಲ. ಅಮೆರಿಕದ ಐ. ಬಿ. ಎಂ. ಕಂಪೆನಿಯವರು ೧೯೫೬ರವರೆಗೆ ತಮ್ಮ ಲೆಕ್ಕದ ಯಂತ್ರಗಳನ್ನು ಮಾರದೆ ಬಾಡಿಗೆಗೇ ಕೊಡುತ್ತಿದ್ದರು. ಆ ವರ್ಷ ಅಲ್ಲಿಯ ಸರಕಾರದೊಡನೆ ನ್ಯಾಯಾಲಯದಲ್ಲಿ ಆದ ರಾಜಿಯ ತೀರ್ಪಿನಿಂದ, ಬೇಕೆಂದವರಿಗೆ ಮಾರಲೂ ಬೇಕಾಯಿತು. ಆದರೆ ಬಾಡಿಗೆಯೆಂದು ಹೇಳಿ ಬಾಡಿಗೆ ಪಡೆದವರು ಯಂತ್ರ ಕೆಟ್ಟಾಗ ತಮ್ಮ ಜನರನ್ನು ಕಳುಹಿಸಿ ಸರಿಮಾಡಿಸುತ್ತಿದ್ದರು. ಬಾಡಿಗೆ ಮನೆಯ ಸೂರು ಸೋರಿದರೆ ಮನೆಯೊಡೆಯನು ಹೆಂಚು ಹೊದಿಸಬೇಕು, ಕಂದಾಯವನ್ನೂ ಅವನೇ ಕಟ್ಟಬೇಕು. ಇಂದಿನ ಮೋಟಾರು ಕಂಪೆನಿಗಳವರು ಮಾರಾಟದ ಬೆಲೆಯನ್ನು ಮಾರಾಟಗಾರರಾಗಿ ಪಡೆದು, ತಿಂಗಳ ಬಾಡಿಗೆಯನ್ನು ಒಡೆಯರಾಗಿ ಪಡೆದು, ಒಡೆತನದ ಹೊರೆಯನ್ನು ಮಾತ್ರ ಕೊಂಡವನ ತಲೆಗೆ ಕಟ್ಟುತ್ತಿದ್ದಾರೆ. ನಮ್ಮ ಕರ್ನಾಟಕವನ್ನೇ ನೋಡಬಹುದು. ಇಲ್ಲಿ ಸ್ವಂತದ ಮೋಟಾರು ಗಾಡಿಗೆ ಜೀವಿತಾವಧಿ ತೆರಿಗೆಯನ್ನು ಬೆಲೆಯ ಆಧಾರದ ಮೇಲೆ ನೋಂದಣಿಯ ಕಾಲಕ್ಕೇ ಕಟ್ಟಿಸಿಕೊಳ್ಳುತ್ತಾರೆ. ಗಾಡಿಯ ಆಯುಸ್ಸಿನುದ್ದಕ್ಕೂ ನೀನೇ ಒಡೆಯನೆಂದು ಸರಕಾರವು ಭಾವಿಸಿ ತೆರಿಗೆ ಪಡೆದ ವಸ್ತುವಿನಲ್ಲಿ, ಈ ಭಾಗ ನಿನ್ನದಲ್ಲವೆಂದು ಹೇಳುವ ಮತ್ತೊಬ್ಬ ಒಡೆಯನು ಹುಟ್ಟಿಕೊಳ್ಳುವುದು ವಿಚಿತ್ರವಲ್ಲವೆ?

ಮನೆಯನ್ನು ಶುದ್ಧಕ್ರಯಕ್ಕೆ ಬರೆದುಕೊಟ್ಟು, ಹಣವನ್ನು ಎಣಿಸಿಕೊಂಡು, ಅಟ್ಟದ ಬೀಗದ ಕೈಯನ್ನು ಮಾತ್ರ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗಿ, ತಿಂಗಳಿಗಿಷ್ಟು ಕೊಟ್ಟರೆ ತೆಗೆಯುವೆನೆನ್ನುವ ಮಾರಾಟಗಾರನನ್ನು ನಮ್ಮ ಸಬ್‌ರಿಜಿಸ್ಟ್ರಾರರಾಗಲಿ ಮುನಸೀಫರಾಗಲಿ ಕ್ಷಣವಾದರೂ ಸಹಿಸುವರೆ? ಸ್ಥಿರಸ್ವತ್ತಿನ ಮಾತು ಹಾಗಿರಲಿ, ಚರವಸ್ತುಗಳ ವಿಷಯದಲ್ಲಿಯೂ ನಮ್ಮ ಕಾನೂನು ಮೂಕವಾಗಿಲ್ಲ. ೧೯೩೦ನೆಯ ಇಸವಿಯ ಸರಕು ಮಾರಾಟ ಕಾಯಿದೆಯ ೧೪ನೆಯ ವಿಧಿಯು, ಮಾರುವವನಿಗೆ ಮಾರುವ ಹಕ್ಕಿರಬೇಕೆಂದೂ, ಕೊಂಡವನಿಗೆ ವಸ್ತುವಿನ ನಿರಾತಂಕವಾದ ಸ್ವಾಧೀನಾನುಭವವು ಸಲ್ಲಬೇಕೆಂದೂ, ಅವನಿಗೆ ತಿಳಿಸದ ಮೂರನೆಯವರ ಋಣಭಾರವು ಅದರ ಮೇಲೆ ಇರಕೂಡದೆಂದೂ ಸ್ಪಷ್ಟವಾಗಿ ಹೇಳುತ್ತದೆ. ಆದರೆ ಆ ವಿಧಿಯ ಆರಂಭದಲ್ಲಿಯೇ, ಕರಾರಿನ ಸಂದರ್ಭದಿಂದ ಬೇರೆ ಉದ್ದೇಶವು ಕಂಡುಬಂದ ಹೊರತು ಎಂಬ ಮಾತಿದೆ. ಕಂಪೆನಿಗಳ ವಕೀಲರು ಒಳನುಗ್ಗುವುದು ಈ ಸಂದಿಯಿಂದಲೇ. ಕಬ್ಬಿಣವನ್ನು ಮಾರಿದೆವು, ಅದನ್ನು ನಡೆಸುವ ಸಾಫ್ಟ್‌ವೇರನ್ನು ಮಾರಲಿಲ್ಲ, ಬಳಸಲು ಅಪ್ಪಣೆಯನ್ನಷ್ಟೇ ಕೊಟ್ಟೆವು ಎಂಬುದು ಅವರ ವಾದ. ಆ ಅಪ್ಪಣೆಯ ನಿಬಂಧನೆಗಳು ಗಾಡಿಯ ಗಾಜಿನ ಪರದೆಯ ಮೇಲೆ, ಇರುವೆಸಾಲಿನಂಥ ಅಕ್ಷರಗಳಲ್ಲಿ, ಪುಟಗಟ್ಟಲೆ ಓಡುತ್ತವೆ. ಕೊಂಡವನು ಹೊಸ ಗಾಡಿಗೆ ಹೂವು ಮುಡಿಸಿ, ನಿಂಬೆಹಣ್ಣಿನ ಮೇಲೆ ಚಕ್ರ ಹಾಯಿಸುವ ಸಂಭ್ರಮದಲ್ಲಿ ಬೆರಳನ್ನು ಒತ್ತುತ್ತಾನೆ; ಒಪ್ಪಿಗೆಯಾಯಿತು! ಇದನ್ನು ಒಪ್ಪಿಗೆಯೆನ್ನುವುದು ಶಬ್ದಕ್ಕೆ ಮಾಡುವ ಅಪಚಾರ. ಸಾಫ್ಟ್‌ವೇರಿಲ್ಲದೆ ಈ ಕಾಲದ ಗಾಡಿಯ ಬಾಗಿಲೂ ತೆರೆಯದೆಂಬುದನ್ನು ಬಲ್ಲವರು, ಅದನ್ನು ಕಬ್ಬಿಣದಿಂದ ಬೇರ್ಪಡಿಸಿ ಮಾತನಾಡುವುದನ್ನು ಮನ್ನಿಸಲಾರರು. ೨೦೧೯ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿ ಅನುಚಿತ ಕರಾರು ಎಂಬುದೊಂದು ಹೊಸ ವ್ಯಾಖ್ಯೆ ಸೇರಿದೆ. ಗ್ರಾಹಕನಿಗೆ ಹಾನಿಯಾಗುವಂತೆ ನ್ಯಾಯವಲ್ಲದ ಶುಲ್ಕವನ್ನೋ ಷರತ್ತನ್ನೋ ಹೇರುವ ಕರಾರುಗಳು ಅದರಲ್ಲಿ ಬರುತ್ತವೆ. ರಾಜ್ಯ ಆಯೋಗವು ಅಂಥವನ್ನು ವಿಚಾರಿಸಬಲ್ಲುದು. ನಮ್ಮ ನ್ಯಾಯವಾದಿ ಮಿತ್ರರು ಇತ್ತ ದೃಷ್ಟಿ ಹರಿಸಬೇಕಾಗಿದೆ.

ಮೊದಲ ಗಿರಾಕಿಯು ಹಣವಂತನಾಗಿರಬಹುದು. ನಮಗೆ ಹೆಚ್ಚಿನ ಚಿಂತೆಯಿರುವುದು ಅವನ ಕೈಯಿಂದ ಐದಾರು ವರ್ಷಗಳ ಬಳಿಕ ಹಳೆಯ ಗಾಡಿಯನ್ನು ಕೊಳ್ಳುವ ಮಧ್ಯಮ ವರ್ಗದವನ ವಿಷಯದಲ್ಲಿ. ನಮ್ಮ ಜಿಲ್ಲಾ ಪಟ್ಟಣಗಳ ಉಪಾಧ್ಯಾಯರೂ ಗುಮಾಸ್ತರೂ ಸಣ್ಣ ವರ್ತಕರೂ ಮೋಟಾರಿನ ಮುಖ ಕಾಣುವುದು ಬಹುಮಟ್ಟಿಗೆ ಹೀಗೆಯೇ. ಅವರು ಗಾಡಿಯನ್ನು ಓಡಿಸಿ ನೋಡುತ್ತಾರೆ, ಪರಿಚಯದ ಮೆಕ್ಯಾನಿಕ್ಕನಿಗೆ ತೋರಿಸುತ್ತಾರೆ, ಕಾಗದಪತ್ರಗಳನ್ನು ಪರೀಕ್ಷಿಸುತ್ತಾರೆ. ಆದರೆ ಅದರಲ್ಲಿರುವ ಯಾವ ಸೌಕರ್ಯವು ಗಾಡಿಯದು, ಯಾವುದು ಹಿಂದಿನವನ ಚಂದಾದ್ದು ಎಂಬುದನ್ನು ಯಾವ ಮೆಕ್ಯಾನಿಕ್ಕನು ಹೇಳಬಲ್ಲನು? ೨೦೨೨ರಲ್ಲಿ ಅಮೆರಿಕದಲ್ಲಿ ಬೆಳಕಿಗೆ ಬಂದ ಒಂದು ಪ್ರಕರಣವು ಇದಕ್ಕೆ ಒಳ್ಳೆಯ ನಿದರ್ಶನ. ಟೆಸ್ಲಾ ಗಾಡಿಯೊಂದರಲ್ಲಿ ಮೊದಲಿದ್ದ ಚಿಕ್ಕ ಬ್ಯಾಟರಿಯ ಬದಲು ಕಂಪೆನಿಯವರೇ ವಾಯಿದೆಯ ಕಾಲದಲ್ಲಿ ದೊಡ್ಡದನ್ನು ಹಾಕಿದ್ದರು. ಗಾಡಿ ಕೈಬದಲಾಗುತ್ತ ಮೂರನೆಯವನಿಗೆ ಬಂದಿತು. ಅವನು ಬೇರೆ ಯಾವುದೋ ಕೆಲಸಕ್ಕಾಗಿ ಗಾಡಿಯನ್ನು ಕಂಪೆನಿಯವರ ಬಳಿಗೆ ಒಯ್ದ ಬಳಿಕ, ದಾಖಲೆಯಲ್ಲಿ ಚಿಕ್ಕ ಬ್ಯಾಟರಿಯೆಂದಿರುವುದನ್ನು ಕಂಡ ಅವರು ಗಾಡಿಯನ್ನು ದೂರದಿಂದಲೇ ಆ ಮಟ್ಟಕ್ಕೆ ಇಳಿಸಿಬಿಟ್ಟರು. ಸುಮಾರು ೮೦ ಮೈಲಿಗಳ ಓಟವು ರಾತ್ರಿ ಬೆಳಗಾಗುವುದರೊಳಗೆ ಮಾಯವಾಯಿತು. ಮತ್ತೆ ಬೇಕಾದರೆ ೪,೫೦೦ ಡಾಲರು ಕೊಡಬೇಕೆಂದು ಉತ್ತರ ಬಂದಿತು. ಸಂಗತಿಯು ಊರೆಲ್ಲ ಹರಡಿ ಟೀಕೆಗಳು ಹೆಚ್ಚಿದ ಮೇಲೆಯೇ ಅದನ್ನು ಸರಿಪಡಿಸಲು ಮುಂದಾದರು. ಧ್ವನಿಯೆತ್ತಲರಿಯದ ಗಿರಾಕಿಯ ಗತಿಯೇನೆಂಬುದನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ.

ಇವೆಲ್ಲ ಸಪ್ತಸಮುದ್ರಗಳಾಚೆಯ ಕಥೆಗಳೆಂದು ನೆಮ್ಮದಿಯಿಂದಿರುವುದು ಬೆಂಗಳೂರಿನವರಿಗಂತೂ ಸಲ್ಲದು. ಮರ್ಸಿಡಿಸ್ ಬೆನ್ಜ್ ಕಂಪೆನಿಗೆ ಜರ್ಮನಿಯಿಂದಾಚೆ ಇರುವ ಅತಿ ದೊಡ್ಡ ಸಂಶೋಧನ ಕೇಂದ್ರವು ಬೆಂಗಳೂರಿನಲ್ಲಿದೆ. ಪ್ರಪಂಚದ ಗಾಡಿಗಳಿಗೆ ಸಾಫ್ಟ್‌ವೇರು ಬರೆಯುವುದು ನಮ್ಮ ಸಹಸ್ರಾರು ತರುಣ ತರುಣಿಯರ ಜೀವನೋಪಾಯವಾಗಿದೆ. ಬೆಂಗಳೂರಿನವರೇ ಆದ ಏಥರ್ ಎನರ್ಜಿ ಕಂಪೆನಿಯವರು ೨೦೨೩ರಲ್ಲಿ ತಮ್ಮ ೪೫೦ ಎಕ್ಸ್ ಎಂಬ ವಿದ್ಯುತ್ ಸ್ಕೂಟರನ್ನು ಪ್ರೋ ಪ್ಯಾಕ್ ಸಹಿತವಾಗಿಯೂ ಅದಿಲ್ಲದೆಯೂ ಮಾರತೊಡಗಿದರು. ಸವಾರಿಯ ಬಗೆಬಗೆಯ ವಿಧಾನಗಳು, ದಾರಿ ತೋರುವ ನಕ್ಷೆ ಮುಂತಾದುವು ಸುಮಾರು ೩೦,೦೦೦ ರೂಪಾಯಿಗಳನ್ನು ಮೇಲೆ ಕೊಟ್ಟವರಿಗೆ ಮಾತ್ರ. ಅದು ತಿಂಗಳ ಬಾಡಿಗೆಯಲ್ಲ, ಒಮ್ಮೆ ಕೊಡುವ ಹಣ, ಅದೂ ಕೊಳ್ಳುವಾಗಲೇ ಹೇಳಿದ ಬೆಲೆ. ಆದಕಾರಣ ಜರ್ಮನಿಯವರ ದರಪಟ್ಟಿಯ ಸಾಲಿಗೆ ಇದನ್ನು ಸೇರಿಸಲು ನಮಗೆ ಮನಸ್ಸಿಲ್ಲ. ಆದರೆ ಒಂದು ವಸ್ತುವಿನ ಬೆಲೆಯನ್ನು ತುಂಡುಮಾಡಿ ಮಾರುವುದು ಗಿರಾಕಿ ವ್ಯಾಪಾರಿಗಳಿಬ್ಬರ ಖಾಸಗಿ ವಿಷಯವಾಗಿ ಉಳಿಯುವುದಿಲ್ಲವೆಂಬುದು ಅದೇ ವರ್ಷ ಬೇರೊಂದು ರೀತಿಯಲ್ಲಿ ತಿಳಿದುಬಂದಿತು. ಕೇಂದ್ರ ಸರಕಾರದ ಸಹಾಯಧನವು ಕಾರ್ಖಾನೆಯ ಬೆಲೆ ಒಂದೂವರೆ ಲಕ್ಷ ರೂಪಾಯಿಗಳೊಳಗಿನ ದ್ವಿಚಕ್ರಗಳಿಗೆ ಮಾತ್ರ ಎಂದಿರಲು, ಚಾರ್ಜರು, ಸಾಫ್ಟ್‌ವೇರುಗಳನ್ನು ಪ್ರತ್ಯೇಕವಾಗಿ ಮಾರಿದುದರ ಬಗ್ಗೆ ಸರಕಾರವು ಆಕ್ಷೇಪಿಸಿತು. ಓಲಾ, ಏಥರ್ ಮೊದಲಾದ ಕಂಪೆನಿಗಳವರು ಚಾರ್ಜರಿನ ಹಣವನ್ನು ಗಿರಾಕಿಗಳಿಗೆ ಹಿಂದಿರುಗಿಸಲು ಒಪ್ಪಿದರು. ಬೇಕಾದಾಗ ಸರಕಾರದ ಕಣ್ಣು ಚುರುಕಾಗಬಲ್ಲುದೆಂಬುದಕ್ಕೆ ಇದು ಸಾಕ್ಷಿ. ಸಹಾಯಧನವು ಬೊಕ್ಕಸದ ಹಣ, ಚಂದಾ ಪ್ರಜೆಯ ಜೇಬಿನ ಹಣ, ಚುರುಕುತನದಲ್ಲಿ ವ್ಯತ್ಯಾಸವಾಗದಿರಲಿ.

ಯಾವ ಚಂದಾ ನ್ಯಾಯ, ಯಾವುದು ಅನ್ಯಾಯ ಎಂಬುದನ್ನು ಗುರುತಿಸುವುದು ಕಷ್ಟವೇನಲ್ಲ. ದಿನದಿನದ ವಾಹನಸಂದಣಿಯನ್ನು ತಿಳಿಸುವ ನಕ್ಷೆ, ಕಳುವಾದ ಗಾಡಿಯ ಜಾಡನ್ನು ಹೇಳುವ ಏರ್ಪಾಟು, ಇವುಗಳ ಹಿಂದೆ ಜನರು ದುಡಿಯುತ್ತಿರುತ್ತಾರೆ, ದೂರವಾಣಿಯ ಜಾಲಕ್ಕೆ ಹಣ ಸಲ್ಲುತ್ತಿರುತ್ತದೆ. ಹ್ಯುಂಡೈ, ಕಿಯಾ ಕಂಪೆನಿಗಳವರು ೨೦೧೯ರಲ್ಲಿ ನಮ್ಮ ದೇಶದಲ್ಲಿ ಇಂಥ ಸೇವೆಗಳನ್ನು ಆರಂಭಿಸಿದಾಗ ಮೊದಲ ೩ ವರ್ಷ ಉಚಿತ, ಬಳಿಕ ಹಣ ಎಂದುದನ್ನು ನಾವು ಆಕ್ಷೇಪಿಸಲಾರೆವು. ಪತ್ರಿಕೆಗೆ ಚಂದಾ ಕೇಳುವ ನಾವು ಹಾಗೆ ಆಕ್ಷೇಪಿಸಿದರೆ ನಗೆಗೀಡಾದೇವು. ಆದರೆ ಕಂಪೆನಿಯ ಕಚೇರಿಯೇ ನಾಳೆ ಮುಚ್ಚಿಹೋದರೂ ತನ್ನಷ್ಟಕ್ಕೆ ನಡೆಯಬಲ್ಲ ತಂತಿ, ಮೋಟಾರು, ಬ್ಯಾಟರಿ, ಕೀಲಿಗಳ ಮೇಲೆ ತಿಂಗಳ ವಸೂಲಿಯನ್ನು ಯಾವ ಧರ್ಮವೂ ಸಮರ್ಥಿಸಲಾರದು.

ಅಮೆರಿಕದ ನ್ಯೂಜೆರ್ಸಿ ರಾಜ್ಯದ ಶಾಸನಸಭೆಯಲ್ಲಿ ೨೦೨೨ರಲ್ಲಿಯೇ, ಗಾಡಿಯಲ್ಲಿ ಮೊದಲೇ ಜೋಡಿಸಿರುವ ಸಾಮಾನುಗಳಿಗೆ, ಕಂಪೆನಿಗೆ ಮುಂದೆ ಖರ್ಚಿಲ್ಲದಿರುವಾಗ, ಚಂದಾ ಪಡೆಯಕೂಡದೆಂಬ ಮಸೂದೆಯನ್ನು ಮಂಡಿಸಿದ್ದರು. ನಮ್ಮಲ್ಲಿ ಅಷ್ಟು ದೂರ ಹೋಗುವುದಕ್ಕೆ ಮೊದಲು ಮಾಡಬಹುದಾದುದು ಬೇಕಾದಷ್ಟಿದೆ. ಗಾಡಿಯ ಬಿಲ್ಲಿನಲ್ಲಿಯೇ, ಬೆಲೆಯ ಪಕ್ಕದಲ್ಲಿ, ಓದಬಲ್ಲ ಅಕ್ಷರಗಳಲ್ಲಿ, ಯಾವ ಯಾವ ಅಂಗಗಳು ಬೀಗದಲ್ಲಿವೆ, ಬಿಡಿಸಲು ಎಷ್ಟು ಹಣವೆಂದು ಬರೆಯುವುದನ್ನು ಕಡ್ಡಾಯಮಾಡಬಹುದು. ಈ ರಾಜ್ಯದಲ್ಲಿ ಮಾರುವ ಗಾಡಿಗೆ ಆ ಬರೆಹವು ಕನ್ನಡದಲ್ಲಿಯೂ ಇರತಕ್ಕುದು. ಒಮ್ಮೆ ಹಣ ಕೊಟ್ಟು ಬಿಡಿಸಿಕೊಂಡುದು ಗಾಡಿಯೊಡನೆಯೇ ಮುಂದಿನವನಿಗೆ ಸಲ್ಲಬೇಕು. ಫೋಕ್ಸ್‌ವ್ಯಾಗನ್ ಕಂಪೆನಿಯವರು ಬ್ರಿಟನ್ನಿನಲ್ಲಿ ತಮ್ಮ ೬೪೯ ಪೌಂಡಿನ ವಿಷಯದಲ್ಲಿ ಇದನ್ನು ತಾವಾಗಿ ಒಪ್ಪಿರುವಾಗ ಇತರರು ಒಪ್ಪಲಾರೆವೆನ್ನುವುದಕ್ಕೆ ಕಾರಣವಿಲ್ಲ. ಯಜಮಾನನಿಗೆ ಮುಂಚಿತವಾಗಿ ಲಿಖಿತ ತಿಳಿವಳಿಕೆಯಿಲ್ಲದೆ ದೂರದಿಂದ ಏನನ್ನೂ ಕಿತ್ತುಕೊಳ್ಳಕೂಡದು. ಪ್ರಾಣರಕ್ಷಣೆಗೆ ಸಂಬಂಧಿಸಿದ ಬ್ರೇಕು, ದೀಪ, ಎಚ್ಚರಿಕೆಯ ಸಾಧನಗಳಿಗಂತೂ ಬೀಗವೆಂಬುದೇ ಇರಕೂಡದು.

ಇದಕ್ಕಾಗಿ ಹೊಸ ಕಚೇರಿಯನ್ನು ತೆರೆಯಬೇಕಾಗಿಯೂ ಇಲ್ಲ. ಕೊರಿಯದ ಆ ದರಪಟ್ಟಿಯು ಗದ್ದಲವೆಬ್ಬಿಸಿದ ೨೦೨೨ರ ಜುಲೈ ತಿಂಗಳಿನಲ್ಲಿಯೇ ದಿಲ್ಲಿಯ ಗ್ರಾಹಕ ವ್ಯವಹಾರಗಳ ಇಲಾಖೆಯವರು, ಕೊಂಡ ವಸ್ತುವನ್ನು ತನಗೆ ಬೇಕಾದಲ್ಲಿ ರಿಪೇರಿ ಮಾಡಿಸಿಕೊಳ್ಳುವ ಗ್ರಾಹಕನ ಹಕ್ಕನ್ನು ಕುರಿತು ಒಂದು ಸಮಿತಿಯನ್ನು ನೇಮಿಸಿದ್ದರು. ಬೇಸಾಯದ ಸಲಕರಣೆ, ಮೊಬೈಲು, ಮನೆಬಳಕೆಯ ಯಂತ್ರಗಳೊಡನೆ ಮೋಟಾರು ಗಾಡಿಯೂ ಅದರ ವಿಚಾರಕ್ಕೆ ಸೇರಿತ್ತು. ಆ ಇಲಾಖೆಯ ಕಡತದಲ್ಲಿ ಗಾಡಿಯು ಈಗಾಗಲೇ ಇರುವಾಗ, ಗಾಡಿಯೊಳಗಿನ ಬೀಗವನ್ನೂ ಅದಕ್ಕೆ ಸೇರಿಸಲು ಒಂದು ಹಾಳೆಯ ಟಿಪ್ಪಣಿ ಸಾಕು. ನಮ್ಮ ಪಾರ್ಲಿಮೆಂಟಿನ ಸ್ಥಳೀಯ ಸದಸ್ಯರಲ್ಲಿ ಯಾರಾದರೊಬ್ಬರು ಮುಂದಿನ ಅಧಿವೇಶನದಲ್ಲಿ ಈ ಕುರಿತು ಪ್ರಶ್ನೆ ಹಾಕುವರೆಂದು ಎದುರುನೋಡುತ್ತಿದ್ದೇವೆ.